ತಂತಿ ಹೋದಷ್ಟೇ ವಾಪಸ್ ಬರಬೇಕು: ಗಿಟಾರಿಗೆ ವೈಬ್ರೇಟೊ ಕೂರಿಸುವ ಕೆಲಸ

ಕಳೆದ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ನಮ್ಮ ಬೀದಿಯ ಹುಡುಗನೊಬ್ಬ ಹೆಗಲಿಗೆ ಗಿಟಾರ್ ಹಾಕಿಕೊಂಡು ಮನೆಗೆ ಬಂದ. ಲೆಸ್ ಪಾಲ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್. ಕೈಯಲ್ಲೊಂದು ಪೆಟ್ಟಿಗೆ, ಅದರೊಳಗೆ ಫಳಫಳ ಹೊಳೆಯುವ ಬಿಗ್ಸ್‌ಬಿ ವೈಬ್ರೇಟೊ ಟೇಲ್‌ಪೀಸ್, ಅಂದರೆ ತಂತಿಗಳ ತುದಿ ಹಿಡಿದುಕೊಂಡು ಸ್ವರ ಅಲುಗಿಸುವ ಭಾಗ. ಉಡುಪಿಯಲ್ಲಿ ಗೆಳೆಯರ ಗಿಟಾರುಗಳ ಸಣ್ಣಪುಟ್ಟ ರಿಪೇರಿ ನಾನು ಮನೆಯಲ್ಲೇ ಮಾಡಿಕೊಡುತ್ತೇನೆ.

"ಅಣ್ಣ, ಇದನ್ನೊಂದು ಕೂರಿಸಿಕೊಡಿ. ನಾಲ್ಕೈದು ಸ್ಕ್ರೂ ಅಷ್ಟೇ ಅಲ್ವಾ?"

ಪೆಟ್ಟಿಗೆ ಬದಿಗಿಟ್ಟು, ಮೊದಲು ಮೂರನೇ ತಂತಿಯನ್ನು ಶ್ರುತಿ ಮಾಡು ಎಂದೆ. ಅವನು ಕೀ ತಿರುಗಿಸಿದ. ಸ್ವಲ್ಪ ಹೊತ್ತು ಸ್ವರ ಏರಲೇ ಇಲ್ಲ. ಆಮೇಲೆ 'ಟಿಣ್' ಎಂದು ಸದ್ದಾಗಿ ಒಮ್ಮೆಲೇ ಮೇಲಕ್ಕೆ ಹಾರಿತು. ಆ ಸದ್ದು ಬರುವ ಗಿಟಾರಿಗೆ ಯಾವ ವೈಬ್ರೇಟೊ ಕೂರಿಸಿದರೂ ಎರಡನೇ ಹಾಡಿನ ಹೊತ್ತಿಗೆ ಶ್ರುತಿ ತಪ್ಪುತ್ತದೆ. ಆಮೇಲೆ ಎಲ್ಲರೂ ಬೈಯುವುದು ಬಿಗ್ಸ್‌ಬಿಯನ್ನು. ತಪ್ಪು ಇರುವುದು ಗಿಟಾರಿನ ಇನ್ನೊಂದು ತುದಿಯಲ್ಲಿ, ಒಂದು ಚಿಕ್ಕ ಗೀರಿನಲ್ಲಿ. ಇದನ್ನು ಅರ್ಥ ಮಾಡಿಕೊಂಡರೆ ಉಳಿದ ಕೆಲಸವೆಲ್ಲ ಸುಲಭ.

ವೈಬ್ರೇಟೊ ಏನು ಮಾಡುತ್ತದೆ ಎಂಬುದನ್ನು ನಮ್ಮ ಕಿವಿಗೆ ಬೇರೆ ವಿವರಿಸಬೇಕಾಗಿಲ್ಲ. ಅದು ಸ್ವರವನ್ನು ಅಲುಗಿಸುತ್ತದೆ. ಕಂಪಿತ, ಜಾರು ಎನ್ನುವ ಗಮಕಗಳ ಹತ್ತಿರದ ಸಂಬಂಧಿ. ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನಿನಲ್ಲಿ ಗಮಕ ನುಡಿಸಿದ್ದನ್ನು ಕೇಳಿ ಬೆಳೆದ ಊರು ನಮ್ಮದು. ಸ್ವರ ನೆಟ್ಟಗೆ ನಿಲ್ಲದೆ ಸ್ವಲ್ಪ ತೂಗಿದಾಗ ಅದಕ್ಕೆ ಜೀವ ಬರುತ್ತದೆ ಎಂದು ನಮಗೆ ಗೊತ್ತು. ಗಿಟಾರಿನಲ್ಲಿ ಬೆರಳಿನಿಂದ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಮೇಲಕ್ಕೆ ಮಾತ್ರ ಹೋಗುತ್ತದೆ, ವೀಣೆಯಲ್ಲಿ ಆಗುವ ಹಾಗೆಯೇ. ವೈಬ್ರೇಟೊದ ಬಾರ್, ಅಂದರೆ ಹಿಡಿಕೆ, ಒತ್ತಿದರೆ ಆರೂ ತಂತಿ ಒಟ್ಟಿಗೆ ಕೆಳಗಿಳಿಯುತ್ತವೆ. ಇಡೀ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಂದೇ ಉಸಿರಿನಲ್ಲಿ ತೂಗುತ್ತದೆ. ಬೆರಳಿಗೆ ಸಾಧ್ಯವಾಗದ ಕೆಲಸ ಅದು.

ಹೆಸರಿನ ಗೊಂದಲವನ್ನು ಇಲ್ಲೇ ಮುಗಿಸಿಬಿಡೋಣ. ಸ್ವರ ಏರಿಳಿದರೆ ವೈಬ್ರೇಟೊ, ಸದ್ದು ಹೆಚ್ಚು ಕಡಿಮೆ ಆದರೆ ಟ್ರೆಮೊಲೊ. 1954ರಲ್ಲಿ ಫೆಂಡರ್ ಕಂಪನಿ ಸ್ಟ್ರಾಟೊಕಾಸ್ಟರ್ ಗಿಟಾರ್ ತಂದಾಗ ಅದರ ವೈಬ್ರೇಟೊಗೆ ಟ್ರೆಮೊಲೊ ಎಂದು ಹೆಸರಿಟ್ಟಿತು. ಅದೇ ಹೆಸರು ಬಾಯಲ್ಲಿ ಉಳಿಯಿತು. ಅಂಗಡಿಯಲ್ಲಿ ಟ್ರೆಮೊಲೊ, ವ್ಯಾಮಿ ಬಾರ್ ಎಂದು ಕೇಳಿದರೂ ಇದೇ ಸಿಗುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳನ್ನು ಹೊರುವ ಬ್ರಿಜ್ಜೇ ಅಲುಗುತ್ತದೆ. ಸ್ಟ್ರಾಟೊಕಾಸ್ಟರ್, ಫ್ಲಾಯ್ಡ್ ರೋಸ್ ಈ ಗುಂಪಿನವು. ಇವುಗಳ ಸ್ಪ್ರಿಂಗುಗಳು ಗಿಟಾರಿನ ಹೊಟ್ಟೆಯೊಳಗೆ ಇರುತ್ತವೆ. ಆ ಗುಳಿ ಇಲ್ಲದ ಗಿಟಾರಿಗೆ ಇದನ್ನು ಹಾಕಬೇಕಾದರೆ ಮರವನ್ನು ಆಚೆಯಿಂದ ಈಚೆಗೆ ಕೊರೆಯಬೇಕು. ಒಳ್ಳೆಯ ಗಿಟಾರಿಗೆ ಹಾಗೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಗುಳಿ ಇರುವ ಗಿಟಾರನ್ನೇ ಕೊಂಡುಕೊಳ್ಳುವುದು ವಾಸಿ.

ಇನ್ನೊಂದು ಜಾತಿಯಲ್ಲಿ ಬ್ರಿಜ್ ತನ್ನ ಜಾಗದಲ್ಲೇ ಇರುತ್ತದೆ, ಹಿಂದಿನ ಟೇಲ್‌ಪೀಸ್ ಮಾತ್ರ ಅಲುಗುತ್ತದೆ. ಆಮೇಲೆ ಸೇರಿಸಲು ಬರುವುದು ಇದೇ. ಬಿಗ್ಸ್‌ಬಿ ಇದರ ಹಿರಿಯಣ್ಣ. ಮೋಟಾರ್‌ಸೈಕಲ್ ಕೆಲಸದಲ್ಲಿ ಪಳಗಿದ್ದ ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಇದನ್ನು ಮಾಡಿದ್ದು ಗಿಟಾರ್ ವಾದಕ ಮರ್ಲ್ ಟ್ರಾವಿಸ್‌ಗಾಗಿ. ಟ್ರಾವಿಸ್ ಬಳಿ ಅದಕ್ಕೂ ಹಿಂದಿನ ಕಾಫ್ಮನ್ ವೈಬ್ರೋಲಾ ಎಂಬ ವೈಬ್ರೇಟೊ ಇತ್ತು, ಅದು ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ. ಅಂದರೆ ಈ ಯಂತ್ರ ಹುಟ್ಟಿದ್ದೇ ಶ್ರುತಿ ತಪ್ಪುವ ದೂರಿನಿಂದ.

ಬಿಗ್ಸ್‌ಬಿಯಲ್ಲಿ ತಂತಿಗಳ ತುದಿ ಒಂದು ಸಣ್ಣ ಅಡ್ಡ ದಂಡಕ್ಕೆ ಸುತ್ತಿಕೊಂಡಿರುತ್ತದೆ. ಬಾರ್ ಒತ್ತಿದರೆ ದಂಡ ಸ್ವಲ್ಪ ಉರುಳುತ್ತದೆ, ತಂತಿ ಸಡಿಲವಾಗುತ್ತದೆ. ಕೈ ಬಿಟ್ಟರೆ ಬಾರಿನ ಅಡಿಯ ದಪ್ಪ ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುತ್ತದೆ. ಇಷ್ಟೇ. ದಂಡ ಸಣ್ಣದು, ಉರುಳುವುದೂ ಸ್ವಲ್ಪವೇ. ಅದಕ್ಕೇ ಬಿಗ್ಸ್‌ಬಿಯಲ್ಲಿ ಸ್ವರ ಅರ್ಧ ಅಥವಾ ಒಂದು ಮೆಟ್ಟಿಲಿನಷ್ಟು ಇಳಿಯುತ್ತದೆ. ತಂತಿ ಜೋತುಬೀಳುವ ತನಕ ಒತ್ತಬೇಕು ಎನ್ನುವವರಿಗೆ ಫ್ಲಾಯ್ಡ್ ರೋಸ್ ಬೇಕು. ನಿಧಾನದ ಹಾಡಿನ ಕೊನೆಯ ಕಾರ್ಡನ್ನು ತೂಗಬೇಕು ಎನ್ನುವವರಿಗೆ ಬಿಗ್ಸ್‌ಬಿಯಷ್ಟು ಹಿತವಾದದ್ದು ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ.

ಈಗ ಅಸಲು ವಿಷಯಕ್ಕೆ ಬರೋಣ. ಒಂದಿಷ್ಟು ಲೆಕ್ಕ ನೋಡಿ. ಮಾಮೂಲಿ 10–46 ಗೇಜಿನ (ದಪ್ಪದ) ಆರು ತಂತಿ ಶ್ರುತಿಯಲ್ಲಿ ನಿಂತಾಗ ಅವೆಲ್ಲ ಸೇರಿ ಎಳೆಯುವ ಬಲ 44ರಿಂದ 47 ಕಿಲೋದಷ್ಟು. ಗಿಟಾರಿನ ಸ್ಕೇಲ್ ಉದ್ದ, ಅಂದರೆ ತಂತಿಯ ನುಡಿಯುವ ಭಾಗದ ಉದ್ದ, 628 ಮಿ.ಮೀ. ಇದ್ದರೆ 44ರ ಹತ್ತಿರ, 648 ಮಿ.ಮೀ. ಇದ್ದರೆ 47ರ ಹತ್ತಿರ. ಒಂದು ಮೂಟೆ ಕುಚ್ಚಲಕ್ಕಿಗಿಂತ ಸ್ವಲ್ಪ ಕಡಿಮೆ, ಅಷ್ಟೇ. ಅರ್ಧ ಸ್ವರ ಕೆಳಗಿಳಿಸಲು ಈ ಎಳೆತ ಶೇ. 11ರಷ್ಟು ಕಡಿಮೆಯಾಗಬೇಕು, ಅಂದರೆ 5 ಕಿಲೋ. ಕೈ ಬಿಟ್ಟಾಗ ಆ 5 ಕಿಲೋ ಪೂರ್ತಿ ವಾಪಸ್ ಬರಬೇಕು.

ಪೂರ್ತಿ ಎಂದರೆ ಎಷ್ಟು ಪೂರ್ತಿ? ಅರ್ಧ ಸ್ವರವನ್ನು 100 ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಸೆಂಟ್. ಕಾರ್ಡ್ ಹಿಡಿದಾಗ ಒಂದು ತಂತಿ 5 ಸೆಂಟ್ ಆಚೀಚೆ ಆದರೆ ಒಳ್ಳೆಯ ಕಿವಿಗೆ ಕಿರಿಕಿರಿ ಶುರುವಾಗುತ್ತದೆ. 5 ಸೆಂಟ್ ಎಂದರೆ ಆ ತಂತಿಯ ಎಳೆತದಲ್ಲಿ ಸುಮಾರು 45 ಗ್ರಾಂ ವ್ಯತ್ಯಾಸ. ಒಂದು ಸಣ್ಣ ಕೋಳಿಮೊಟ್ಟೆಯ ತೂಕ! ಅಕ್ಕಿಮೂಟೆಯನ್ನು ಎತ್ತಿ ಇಳಿಸುವ ಜಾಗದಲ್ಲಿ ಮೊಟ್ಟೆಯ ತೂಕದ ತಪ್ಪನ್ನೂ ಸಹಿಸಲಾಗುವುದಿಲ್ಲ. ತಂತಿ ಎಲ್ಲಾದರೂ ಸ್ವಲ್ಪವೇ ಸಿಕ್ಕಿಹಾಕಿಕೊಂಡರೂ ಆ 45 ಗ್ರಾಂ ಅಲ್ಲೇ ಉಳಿಯುತ್ತದೆ.

ಬಾವಿಯಿಂದ ನೀರು ಸೇದಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ರಾಟೆಯ ಮೇಲೆ ಹಗ್ಗ ಸಲೀಸಾಗಿ ಹೋಗುತ್ತದೆ, ಸಲೀಸಾಗಿ ಬರುತ್ತದೆ. ರಾಟೆ ಇಲ್ಲದೆ ಬಾವಿಕಟ್ಟೆಯ ಕಲ್ಲಿನ ಅಂಚಿಗೆ ಹಗ್ಗ ಒರೆಸಿ ಎಳೆದು ನೋಡಿ. ಹಗ್ಗ ತಡೆದು ತಡೆದು ಜಾರುತ್ತದೆ. ಅಂಚಿನ ಈಚೆ ಬಿಗಿ, ಆಚೆ ಇನ್ನೊಂದು ಬಿಗಿ. ಗಿಟಾರಿನಲ್ಲಿ ಅಂಥ ಅಂಚುಗಳು ಎರಡು. ತಲೆಯ ಕಡೆ ನಟ್, ಅಂದರೆ ತಂತಿಗೊಂದು ಗೀರಿರುವ ಸಣ್ಣ ಪಟ್ಟಿ. ಹೊಟ್ಟೆಯ ಕಡೆ ಬ್ರಿಜ್ಜಿನ ಸ್ಯಾಡಲ್, ಅಂದರೆ ತಂತಿ ಕೂರುವ ಪುಟ್ಟ ತುಂಡು. ಬಾರ್ ಒತ್ತಿದಾಗಲೆಲ್ಲ ತಂತಿ ಇವೆರಡರ ಮೇಲೂ ಕೂದಲೆಳೆಯಷ್ಟು ಜಾರುತ್ತದೆ.

ಎಲ್ಲಿ ಸಿಕ್ಕಿಕೊಂಡಿದೆ ಎಂದು ಕಿವಿಯಿಂದಲೇ ಪತ್ತೆ ಮಾಡಬಹುದು. ಟ್ಯೂನರ್ ಮುಂದಿಟ್ಟುಕೊಂಡು ತಂತಿಯನ್ನು ಸರಿಯಾಗಿ ಶ್ರುತಿ ಮಾಡಿ. ಬಾರ್ ಒಮ್ಮೆ ಒತ್ತಿ ಬಿಡಿ. ಸ್ವರ ಮೊದಲಿಗಿಂತ ಮೇಲೆ ಬಂದು ನಿಂತರೆ ತೊಂದರೆ ನಟ್‌ನಲ್ಲಿ. ಯಾಕೆಂದರೆ ಬಾರ್ ಒತ್ತಿದಾಗ ನುಡಿಯುವ ಭಾಗ ಸಡಿಲವಾಗಿ, ನಟ್‌ನ ಆಚೆಗಿರುವ ಬಿಗಿ ತುಂಡು ತಂತಿಯನ್ನು ಸ್ವಲ್ಪ ತನ್ನ ಕಡೆ ಎಳೆದುಕೊಂಡಿರುತ್ತದೆ. ಕೈ ಬಿಟ್ಟಾಗ ಗೀರು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಈಚೆ ತಂತಿ ಕಡಿಮೆ ಬಿತ್ತು, ಬಿಗಿ ಜಾಸ್ತಿ ಆಯಿತು. ಸ್ವರ ಕೆಳಗೆ ನಿಂತರೆ ತೊಂದರೆ ಬ್ರಿಜ್ಜಿನಲ್ಲಿ. ಅಲ್ಲಿ ಆಗುವುದು ಇದರ ತಿರುಗಾಮುರುಗ. ಒತ್ತಿದಾಗ ಟೇಲ್‌ಪೀಸಿನ ಕಡೆಯಿಂದ ಒಳಗೆ ಬಂದ ತಂತಿ ವಾಪಸ್ ಹೋಗದೆ ನುಡಿಯುವ ಭಾಗದಲ್ಲೇ ಉಳಿಯುತ್ತದೆ. ಹಳೆಯ ಸವೆದ ಕೀ ಅಥವಾ ಸರಿಯಾಗಿ ಸುತ್ತದ ತಂತಿಯೂ ಸ್ವರ ಇಳಿಸಬಹುದು, ಅದನ್ನೂ ನೋಡಿಕೊಳ್ಳಿ. ಈ ಒಂದು ಪರೀಕ್ಷೆ ಗೊತ್ತಿದ್ದರೆ ಕಂಡದ್ದನ್ನೆಲ್ಲ ಬಿಚ್ಚುವ ಕಷ್ಟ ತಪ್ಪುತ್ತದೆ.

ನಟ್‌ನ ಕೆಲಸ ತಾಳ್ಮೆಯದ್ದು. ಗೀರು ತಂತಿಗಿಂತ ಒಂದಿಷ್ಟು ಅಗಲ ಇರಬೇಕು, ತಳ ದುಂಡಗಿರಬೇಕು, ಕೀಗಳ ಕಡೆಗೆ ಇಳಿಜಾರು ಇರಬೇಕು. ಲೆಸ್ ಪಾಲ್ ಮಾದರಿಯಲ್ಲಿ ಒಂದೊಂದು ಕಡೆ ಮೂರು ಕೀ ಇರುವುದರಿಂದ ನಡುವಿನ ಎರಡು ತಂತಿ, ಅಂದರೆ ಮೂರನೆಯದು ಮತ್ತು ನಾಲ್ಕನೆಯದು, ನಟ್ ದಾಟಿದ ಕೂಡಲೇ ಪಕ್ಕಕ್ಕೆ ತಿರುಗುತ್ತವೆ. ಗೀರಿನ ಗೋಡೆಗೆ ಒರಗುತ್ತವೆ. 'ಟಿಣ್' ಎನ್ನುವುದು ಸಾಮಾನ್ಯವಾಗಿ ಅಲ್ಲಿಂದಲೇ. ಗೀರಿನ ಹಿಂದಿನ ಅರ್ಧವನ್ನು ಸ್ವಲ್ಪವೇ ಕೀಯ ದಿಕ್ಕಿಗೆ ಅಗಲ ಮಾಡಿದರೆ ಸರಿಯಾಗುತ್ತದೆ. ಗೇಜಿಗೆ ತಕ್ಕ ಸಣ್ಣ ಅರ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ದಪ್ಪ ತಂತಿಗೆ ನಯವಾದ ಎಮರಿ ಪೇಪರ್ ಸುತ್ತಿ ನಾಲ್ಕೈದು ಸಲ ಉಜ್ಜಿ, ಪರೀಕ್ಷಿಸಿ, ಮತ್ತೆ ಉಜ್ಜಿ. ತಳವನ್ನು ಮಾತ್ರ ಮುಟ್ಟಬೇಡಿ. ಗೀರು ಆಳವಾದರೆ ತಂತಿ ಮೊದಲ ಫ್ರೆಟ್ಟಿಗೆ (ಕತ್ತಿನ ಮೇಲಿನ ಮೊದಲ ಲೋಹದ ಪಟ್ಟಿಗೆ) ತಾಗಿ ಝರ್ ಎನ್ನುತ್ತದೆ. ಆಗ ನಟ್ಟನ್ನೇ ಬದಲಿಸಬೇಕು.

ಕೊನೆಗೆ 2ಬಿ ಪೆನ್ಸಿಲಿನ ಸೀಸವನ್ನು ಗೀರಿಗೆ ತುಂಬಿ. ಗ್ರಾಫೈಟ್ ಜಾರಿಸುತ್ತದೆ. ನಮ್ಮಲ್ಲಿ ಎಲ್ಲದಕ್ಕೂ ಕೈ ಹೋಗುವುದು ತೆಂಗಿನೆಣ್ಣೆಗೆ. ದಯವಿಟ್ಟು ಇಲ್ಲಿ ಬೇಡ. ಎರಡು ವಾರದಲ್ಲಿ ಧೂಳು ಹಿಡಿದು ಅಂಟಾಗುತ್ತದೆ, ಮೊದಲಿಗಿಂತ ಹೆಚ್ಚು ಹಿಡಿಯುತ್ತದೆ.

ಹುಡುಗನ ಗಿಟಾರಿನ ನಟ್ ಸರಿಮಾಡಲು ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಬಿಗ್ಸ್‌ಬಿ ಕೂರಿಸಲು ಅಷ್ಟು ಹೊತ್ತು ಬೇಕಾಗಲಿಲ್ಲ.

ಬ್ರಿಜ್ಜಿಗೆ ಬಂದರೆ ಟ್ಯೂನ್-ಓ-ಮ್ಯಾಟಿಕ್ ಮಾದರಿಯ ಸ್ಯಾಡಲ್‌ಗಳಲ್ಲಿ ಚೂಪಾದ ಗೀರುಗಳಿರುತ್ತವೆ. ಅವುಗಳ ಅಂಚು ಮಟ್ಟ ಮಾಡಿ ಗ್ರಾಫೈಟ್ ಹಚ್ಚಿದರೆ ಹೆಚ್ಚಿನ ಸಲ ಸಾಕು. ಸಾಲದಿದ್ದರೆ ರೋಲರ್ ಬ್ರಿಜ್ ಸಿಗುತ್ತದೆ. ಪ್ರತಿ ತಂತಿಯ ಅಡಿಗೂ ಪುಟ್ಟ ಚಕ್ರ, ಅದೇ ಬಾವಿಯ ರಾಟೆ. ಆದರೆ ಚಕ್ರ ಸಡಿಲವಿರುವ ಅಗ್ಗದ ಬ್ರಿಜ್ ತಂದರೆ ಗಡಗಡ ಸದ್ದು ಮಾಡುತ್ತದೆ. ನಾನು ಮೊದಲು ಇರುವ ಬ್ರಿಜ್ಜನ್ನೇ ಸರಿಮಾಡಿ ನೋಡುತ್ತೇನೆ.

ಬ್ರಿಜ್ ದಾಟಿದ ಮೇಲೆ ತಂತಿ ಎಷ್ಟು ಕಡಿದಾಗಿ ಕೆಳಗಿಳಿಯುತ್ತದೆ ಎಂಬುದೂ ಮುಖ್ಯ. ಇಳಿಜಾರು ಜಾಸ್ತಿಯಾದರೆ ಸ್ಯಾಡಲ್ ಮೇಲಿನ ಒತ್ತಡ ಹೆಚ್ಚಿ ತಂತಿ ಹಿಡಿಯುತ್ತದೆ. ಕಡಿಮೆಯಾದರೆ ಜೋರಾಗಿ ಮೀಟಿದಾಗ ತಂತಿ ಗೀರಿನಿಂದ ಹೊರಗೆ ಹಾರುತ್ತದೆ. ಬಿಗ್ಸ್‌ಬಿಯ ಮಾದರಿ ಆರಿಸುವಾಗ ನೋಡಬೇಕಾದ್ದು ಇದನ್ನೇ. ಹೊಟ್ಟೆ ಸ್ವಲ್ಪ ಉಬ್ಬಿದ ಲೆಸ್ ಪಾಲ್ ಥರದ ಗಿಟಾರಿಗೆ ಬಿ7. ಚಪ್ಪಟೆ ಹೊಟ್ಟೆಯ ಟೆಲಿಕಾಸ್ಟರ್, ಎಸ್‌ಜಿ ಥರದವಕ್ಕೆ ಬಿ5. ಈ ಎರಡರಲ್ಲೂ ತಂತಿಯನ್ನು ಕೆಳಗೆ ಒತ್ತಿ ಹಿಡಿಯುವ ಒಂದು ಅಡ್ಡಪಟ್ಟಿ ಇದೆ. ಒಳಗೆ ಟೊಳ್ಳಿರುವ ದಪ್ಪ ಗಿಟಾರಿಗೆ ಬಿ6, ಅದರಲ್ಲಿ ಅಡ್ಡಪಟ್ಟಿ ಇಲ್ಲ.

ರಂಧ್ರ ಕೊರೆಯಲು ಮನಸ್ಸಿಲ್ಲದವರಿಗೂ ದಾರಿ ಇದೆ. ಬಿಗ್ಸ್‌ಬಿಯನ್ನು ಗಿಟಾರಿನಲ್ಲಿ ಮೊದಲೇ ಇರುವ ತೂತುಗಳಿಗೇ ಕೂರಿಸುವ ವೈಬ್ರಮೇಟ್ ಪಟ್ಟಿ ಸಿಗುತ್ತದೆ. ಡ್ಯೂಸೆನ್‌ಬರ್ಗ್ ಕಂಪನಿಯ ಲೆಸ್ ಟ್ರೆಮ್ ಹಳೆಯ ಸ್ಟಾಪ್ (ಅಲುಗದ) ಟೇಲ್‌ಪೀಸನ್ನು ಹಿಡಿದಿರುವ ಎರಡು ಸ್ಟಡ್‌ಗಳ, ಅಂದರೆ ದಪ್ಪ ಸ್ಕ್ರೂಗಳ, ಜಾಗದಲ್ಲೇ ನಿಲ್ಲುತ್ತದೆ. ಹಳೆಯ ಗಿಟಾರ್, ಬೆಲೆಬಾಳುವ ಗಿಟಾರ್, ಮುಂದೆ ಮಾರಬಹುದು ಎನ್ನುವ ಗಿಟಾರ್ ಆಗಿದ್ದರೆ ಇದೇ ಸರಿ. ತರಿಸುವ ಮೊದಲು ಎರಡು ಅಳತೆ ನೋಡಿ. ಸ್ಟಡ್‌ಗಳ ನಡುವಿನ ಅಂತರ ಸಾಮಾನ್ಯವಾಗಿ 82 ಮಿ.ಮೀ. ಇರುತ್ತದೆ. ಸ್ಟಡ್ಡಿನ ಸ್ಕ್ರೂ ಹಲ್ಲು ಮಾತ್ರ ಒಂದೇ ಥರ ಇರುವುದಿಲ್ಲ. ಅಮೆರಿಕದ ಗಿಟಾರುಗಳಲ್ಲಿ ಇಂಚಿನ ಹಲ್ಲು, ಏಷ್ಯಾದಲ್ಲಿ ತಯಾರಾದ ಹೆಚ್ಚಿನವುಗಳಲ್ಲಿ 8 ಮಿ.ಮೀ. ಮೆಟ್ರಿಕ್ ಹಲ್ಲು. ಒಂದರ ಸ್ಕ್ರೂವನ್ನು ಇನ್ನೊಂದಕ್ಕೆ ಒತ್ತಾಯದಿಂದ ತಿರುಗಿಸಿದರೆ ಎರಡೂ ಹಾಳು.

ಕೊರೆಯುವುದೇ ಆದರೆ ಡ್ರಿಲ್ ಹಿಡಿಯುವ ಮೊದಲು ಗಾಳದ ನೈಲಾನ್ ದಾರ ಹಿಡಿಯಿರಿ. ಮಲ್ಪೆ ಕಡೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ಒಂದನೇ ಮತ್ತು ಆರನೇ ತಂತಿಯ ಜಾಗದಲ್ಲಿ ದಾರವನ್ನು ಕೀಯಿಂದ ಬಿಗ್ಸ್‌ಬಿಯ ಪಿನ್ನಿನ ತನಕ ಬಿಗಿದು ಕಟ್ಟಿ, ಟೇಲ್‌ಪೀಸನ್ನು ಟೇಪಿನಿಂದ ಅಂಟಿಸಿ ನಿಲ್ಲಿಸಿ. ಎರಡೂ ದಾರ ಫ್ರೆಟ್‌ಬೋರ್ಡಿನ ಅಂಚಿನಿಂದ ಸಮಾನ ದೂರದಲ್ಲಿ ಇವೆಯೇ? ಪಿಕಪ್ಪಿನ ಮೇಲೆ ಸರಿಯಾಗಿ ಹಾದು ಹೋಗುತ್ತವೆಯೇ? ಬಾಡಿಯ ನಡುಗೆರೆಯನ್ನು ನಂಬಬೇಡಿ, ದಾರವನ್ನು ನಂಬಿ. ಎಷ್ಟೋ ಗಿಟಾರುಗಳ ಕತ್ತು ಬಾಡಿಯ ನಡುಗೆರೆಗೆ ಒಂದೆರಡು ಮಿ.ಮೀ. ಓರೆಯಾಗಿರುತ್ತದೆ. ಗುರುತು ಹಾಕಿದ ಮೇಲೆ ಸ್ಕ್ರೂವಿನ ಹಲ್ಲು ಬಿಟ್ಟು ನಡುವಿನ ಕಾಂಡ ಎಷ್ಟು ದಪ್ಪವೋ ಅಷ್ಟೇ ದಪ್ಪದ ಬಿಟ್ ಹಾಕಿ ಕೊರೆಯಿರಿ. ಬಿಟ್‌ಗೆ ಟೇಪ್ ಸುತ್ತಿ ಆಳವನ್ನು ಗುರುತು ಮಾಡಿಕೊಳ್ಳಿ. ಬಾಗಿಲು ಕೂರಿಸುವ ಆಚಾರಿಗಳು ಸ್ಕ್ರೂಗೆ ಸೋಪು ಸವರುವುದನ್ನು ನೋಡಿರಬಹುದು. ಇಲ್ಲೂ ಹಾಗೆಯೇ ಮಾಡಿ. ಗಟ್ಟಿ ಮರದಲ್ಲಿ ಸ್ಕ್ರೂ ತುಂಡಾಗುವುದು ತಪ್ಪುತ್ತದೆ.

ಇನ್ನು ಅರ್ತ್ ವೈರು. ಇದನ್ನು ಮರೆತು ನಾನೇ ಪೇಚಿಗೆ ಬಿದ್ದಿದ್ದೇನೆ. ಮೊದಲ ಸಲ ನನ್ನ ಗಿಟಾರಿಗೆ ಬಿಗ್ಸ್‌ಬಿ ಕೂರಿಸಿಕೊಂಡು ಮಂಗಳೂರಿನಲ್ಲಿ ಒಂದು ರೋಸ್ ಕಾರ್ಯಕ್ರಮಕ್ಕೆ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರಕ್ಕೆ) ನುಡಿಸಲು ಹೋಗಿದ್ದೆ. ಆಂಪ್ ಹಾಕಿದ ಕೂಡಲೇ 'ಹುಂ' ಎಂದು ಗುಂಯ್‌ಗುಡಲು ಶುರು. ತಂತಿ ಮುಟ್ಟಿದರೆ ನಿಲ್ಲಬೇಕಾದ ಸದ್ದು ನಿಲ್ಲಲಿಲ್ಲ. ಜ್ಯಾಕಿನ ಲೋಹ ಮುಟ್ಟಿದರೆ ನಿಲ್ಲುತ್ತಿತ್ತು. ಮದುಮಗಳಿಗೆ ತೆಂಗಿನಹಾಲು ಹಚ್ಚುವ ಹೊತ್ತಿನ ಮೆಲುವಾದ ಹಾಡುಗಳ ಉದ್ದಕ್ಕೂ ಆ ಗುಂಯ್ ಕೇಳಿಸುತ್ತಲೇ ಇತ್ತು. ನನಗೆ ಇವತ್ತಿಗೂ ಬೇಸರವಿದೆ.

ಆದದ್ದು ಇಷ್ಟೇ. ಈ ಥರದ ಗಿಟಾರುಗಳಲ್ಲಿ ತಂತಿಗಳನ್ನು ಅರ್ತ್ ಮಾಡುವ ವೈರು ಸಾಮಾನ್ಯವಾಗಿ ಸ್ಟಾಪ್ ಟೇಲ್‌ಪೀಸಿನ ಸ್ಟಡ್ಡಿನ ಅಡಿಯಲ್ಲಿ, ಮರದೊಳಗೆ ಇರುತ್ತದೆ. ಟೇಲ್‌ಪೀಸ್ ತೆಗೆದರೆ ವೈರು ಅಲ್ಲೇ ಉಳಿಯುತ್ತದೆ, ತಂತಿಗೆ ಅದರ ಸಂಪರ್ಕ ತಪ್ಪುತ್ತದೆ. ಮೊದಲೇ ಇರುವ ಸ್ಟಡ್ ತೂತಿಗೇ ಕೂರುವ ಮಾದರಿಗಳಲ್ಲಿ ಈ ತೊಂದರೆ ಬರುವುದಿಲ್ಲ. ಉಳಿದವುಗಳಲ್ಲಿ ಆ ವೈರಿನಿಂದ ಇನ್ನೊಂದು ತುಂಡು ಎಳೆದು ಬಿಗ್ಸ್‌ಬಿಯ ಅಡಿಗೆ ಅಥವಾ ಬ್ರಿಜ್ಜಿನ ಸ್ಟಡ್ಡಿಗೆ ತಾಗಿಸಬೇಕು. ಮುಗಿದ ಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಜ್ಯಾಕಿನ ಹೊರಗಿನ ಲೋಹಕ್ಕೆ ಇಟ್ಟು ನೋಡಿ. ಬೀಪ್ ಬರಬೇಕು.

ಬಿಗ್ಸ್‌ಬಿಗೆ ತಂತಿ ಹಾಕುವುದು ಮೊದಲ ಸಲ ಎಲ್ಲರಿಗೂ ಸಿಟ್ಟು ತರಿಸುತ್ತದೆ. ತುದಿಯ ಗುಂಡು ಪಿನ್ನಿನಿಂದ ಪದೇ ಪದೇ ಕಳಚಿ ಬೀಳುತ್ತದೆ. ಹಾಕುವ ಮೊದಲೇ ತುದಿಯ ಎರಡು ಸೆಂಟಿಮೀಟರನ್ನು ಪೆನ್ನಿನಂಥದ್ದಕ್ಕೆ ಸುತ್ತಿ ಕೊಕ್ಕೆಯ ಹಾಗೆ ಬಗ್ಗಿಸಿಕೊಳ್ಳಿ. ಪಿನ್ನಿಗೆ ಸಿಕ್ಕಿಸಿದ ಮೇಲೆ ಮಡಚಿದ ಬಟ್ಟೆಯನ್ನು ದಂಡದ ಅಡಿಗೆ ತುರುಕಿದರೆ ಗುಂಡು ಅಲ್ಲಾಡುವುದಿಲ್ಲ. ಕೀಗೆ ಎರಡು ಸುತ್ತು ಸಾಕು. ಆಮೇಲೆ ಪ್ರತಿ ತಂತಿಯನ್ನೂ ಕೈಯಿಂದ ಮೆಲ್ಲನೆ ಎಳೆದು, ಶ್ರುತಿ ಮಾಡಿ, ಬಾರ್ ಹತ್ತು ಸಲ ಒತ್ತಿ, ಮತ್ತೆ ಶ್ರುತಿ ಮಾಡಿ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿಯೇ ಸ್ವರಕ್ಕೆ ತನ್ನಿ.

ಕೂರಿಸಿದ ಮೇಲೆ ಗಿಟಾರ್ ಸ್ವಲ್ಪ ಬದಲಾಗುತ್ತದೆ, ಅದಕ್ಕೆ ಹೊಂದಿಕೊಳ್ಳಬೇಕು. ಒಂದು ತಂತಿಯನ್ನು ಬೆರಳಿನಿಂದ ಬಗ್ಗಿಸಿದರೆ ಉಳಿದವು ಒಂದಿಷ್ಟು ಇಳಿಯುತ್ತವೆ, ಯಾಕೆಂದರೆ ಆರೂ ಒಂದೇ ಸ್ಪ್ರಿಂಗಿಗೆ ಕಟ್ಟಿಕೊಂಡಿವೆ. ಒಂದು ತುಂಡಾದರೆ ಉಳಿದ ಐದೂ ಸ್ವಲ್ಪ ಏರುತ್ತವೆ. ಹಾಡಿಗೊಂದು ಶ್ರುತಿ ಬದಲಿಸುವವರಿಗೆ ಇದು ಒಗ್ಗುವುದಿಲ್ಲ.

ಕರಾವಳಿಯಲ್ಲಿ ಇದರ ಆರೈಕೆ ಬೇರೆ ಊರಿಗಿಂತ ಜಾಸ್ತಿ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುವ ಜಾಗ ಇದು, ಜೊತೆಗೆ ಉಪ್ಪುಗಾಳಿ. ತುಕ್ಕು ಹಿಡಿದ ತಂತಿ ಉಪ್ಪುಕಾಗದದ ಹಾಗೆ. ಕಷ್ಟಪಟ್ಟು ನಯ ಮಾಡಿದ ಗೀರನ್ನು ಅದೇ ಕೆರೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಲೇಪನ ಇರುವ ತಂತಿ ಹಾಕಿ, ಅಥವಾ ಮಾಮೂಲಿ ತಂತಿಯನ್ನು ಬೇಗ ಬೇಗ ಬದಲಿಸಿ. ಬಿಗ್ಸ್‌ಬಿಯ ಮೈ ಅಲ್ಯೂಮಿನಿಯಂ. ಬೆವರು, ಉಪ್ಪು ಕುಳಿತರೆ ಬಿಳಿ ಚುಕ್ಕೆ ಎದ್ದು ಗುಳಿ ಬೀಳುತ್ತದೆ. ಅದಕ್ಕೆ ಸ್ಟೀಲಿನ ಸ್ಕ್ರೂ ತಾಗುವ ಜಾಗದಲ್ಲಿ ಇನ್ನೂ ಬೇಗ. ಎರಡು ಬೇರೆ ಲೋಹ ಮತ್ತು ಉಪ್ಪುನೀರು ಸೇರಿದರೆ ಏನಾಗುತ್ತದೆ ಎಂದು ಬೋಟಿನ ಕೆಲಸದವರಿಗೆ ಚೆನ್ನಾಗಿ ಗೊತ್ತು. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ದಂಡ ತಿರುಗುವ ಎರಡು ತುದಿಗೆ ಆರು ತಿಂಗಳಿಗೊಮ್ಮೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ಹನಿ.

ಹುಡುಗನ ಗಿಟಾರಿನ ಮೂರನೇ ತಂತಿ ಈಗ ಬಾರ್ ಹತ್ತು ಸಲ ಒತ್ತಿ ಬಿಟ್ಟರೂ 3 ಸೆಂಟ್ ಒಳಗೇ ವಾಪಸ್ ಬರುತ್ತಿದೆ. ಮಳೆ ಹಿಡಿದ ಮೇಲೆ, ಜುಲೈಯಲ್ಲಿ, ಇನ್ನೊಮ್ಮೆ ತಂದು ತೋರಿಸು ಎಂದು ಹೇಳಿ ಕಳಿಸಿದ್ದೇನೆ.